ಸಿಪಿಆರ್, ಪ್ರಥಮ ಚಿಕಿತ್ಸೆಯ ತರಬೇತಿ: ಯಾವುದಕ್ಕೆ ಸೇರಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಾಗರಬಾವಿಯಲ್ಲಿ ನಮ್ಮ ಮನೆಯ ಕೆಳಗಿನ ಮಹಡಿಯಲ್ಲೇ ಡೇ ಕೇರ್ ನಡೆಸುತ್ತೇನೆ. ಎಂಟು ತಿಂಗಳ ಕೂಸಿನಿಂದ ಐದು ವರ್ಷದವರೆಗಿನ ಹದಿನಾಲ್ಕು ಮಕ್ಕಳಿದ್ದಾರೆ, ನನ್ನ ಜೊತೆ ಇಬ್ಬರು ಆಯಾಗಳಿದ್ದಾರೆ. ಅತ್ತೆಗೆ 71 ವರ್ಷ. ಹೋದ ವರ್ಷ ಸ್ಟೆಂಟ್ ಹಾಕಿಸಿದ್ದೇವೆ, ಸಕ್ಕರೆ ಕಾಯಿಲೆಯೂ ಇದೆ. ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ, ಉಸಿರು ಕೊಟ್ಟು ಉಳಿಸಲು ನೋಡುವ ಕ್ರಮ) ಕಲಿಯೋಣ ಎಂದು ಹುಡುಕಿದರೆ 499 ರೂಪಾಯಿಯ ಎರಡು ಗಂಟೆ ಆನ್‌ಲೈನ್ ಕೋರ್ಸಿನಿಂದ ಹಿಡಿದು ಐದು ಸಾವಿರ ರೂಪಾಯಿಯ ಇಡೀ ದಿನದ ತರಬೇತಿವರೆಗೆ ಇವೆ. ಎಲ್ಲರೂ ‘ಅಂತರರಾಷ್ಟ್ರೀಯ ಮಾನ್ಯತೆ’ ಎನ್ನುತ್ತಾರೆ. ಪೀಣ್ಯದ ಕಾರ್ಖಾನೆಯಲ್ಲಿರುವ ನನ್ನ ತಮ್ಮನಿಗೂ ಫಸ್ಟ್ ಏಡ್ ಸರ್ಟಿಫಿಕೇಟ್ ತರಲು ಹೇಳಿದ್ದಾರಂತೆ. ಇಬ್ಬರೂ ಒಂದೇ ಕಡೆ ಸೇರಬಹುದೇ? ಯಾರನ್ನು ನಂಬಲಿ?

ಉತ್ತರ: ಮೊದಲು ನಿಮ್ಮ ತಮ್ಮನ ವಿಷಯ ಮುಗಿಸಿಬಿಡೋಣ. ಅವರಿಗೆ ಬೇಕಿರುವುದು ಒಂದು, ನಿಮಗೆ ಬೇಕಿರುವುದು ಇನ್ನೊಂದು. ಇಬ್ಬರೂ ಒಂದೇ ಕಡೆ ಸೇರಿದರೆ ಒಬ್ಬರಿಗಾದರೂ ನಷ್ಟ.

ತಮ್ಮನ ಕಾಗದವನ್ನು ಕೇಳುವವರು ಇದ್ದಾರೆ. ಪ್ರತಿ 150 ಕಾರ್ಮಿಕರಿಗೆ ಒಂದರಂತೆ ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇರಬೇಕು, ಅದರ ಹೊಣೆ ಹೊತ್ತವರ ಹತ್ತಿರ ರಾಜ್ಯ ಸರ್ಕಾರ ಒಪ್ಪಿದ ಪ್ರಮಾಣಪತ್ರ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 45ನೇ ಕಲಮಿನಲ್ಲೇ ಬರೆದಿತ್ತು. ಕಾರ್ಖಾನೆಗಳು ಈ ಸರ್ಟಿಫಿಕೇಟ್ ಕೇಳುವ ರೂಢಿ ಬಂದಿದ್ದು ಅಲ್ಲಿಂದ. ಇಂಥ ಕಡೆ ಬಹಳ ವರ್ಷಗಳಿಂದ ನಡೆದುಕೊಂಡು ಬಂದಿರುವುದು ಸೇಂಟ್ ಜಾನ್ ಆಂಬ್ಯುಲೆನ್ಸ್ ಸಂಸ್ಥೆಯ ಪ್ರಮಾಣಪತ್ರ. ಬಸ್ ಕಂಡಕ್ಟರ್ ಲೈಸೆನ್ಸಿಗೆ ಹೋಗುವ ಹುಡುಗರೂ ಇದನ್ನೇ ಮಾಡಿಸಿಕೊಳ್ಳುತ್ತಾರೆ. ರೆಡ್ ಕ್ರಾಸ್ ಕೂಡ ಪ್ರಥಮ ಚಿಕಿತ್ಸೆ ಕಲಿಸುತ್ತದೆ, ಅದರ ಕರ್ನಾಟಕ ಶಾಖೆ ರೇಸ್ ಕೋರ್ಸ್ ರಸ್ತೆಯಲ್ಲಿದೆ. ಹಣ ಕಟ್ಟುವ ಮೊದಲು ನಿಮ್ಮ ತಮ್ಮ ತನ್ನ ಕಾರ್ಖಾನೆಯ ಸೇಫ್ಟಿ ಆಫೀಸರ್ ಹತ್ತಿರ ‘ಯಾವ ಸಂಸ್ಥೆಯದು ನಡೆಯುತ್ತದೆ’ ಎಂದು ಕೇಳಿ, ಉತ್ತರವನ್ನು ವಾಟ್ಸ್ಆ್ಯಪ್ಪಿನಲ್ಲಾದರೂ ಬರೆಸಿಕೊಳ್ಳಲಿ. ಅಮೆರಿಕದ ಸಂಸ್ಥೆಯೊಂದರ ಚೆಂದದ ಕಾರ್ಡು ಹಿಡಿದು ಹೋಗಿ, ‘ಇದಲ್ಲ ಕಣಪ್ಪಾ ನಾವು ಕೇಳಿದ್ದು’ ಎಂದು ವಾಪಸ್ ಕಳಿಸಿಕೊಂಡವರನ್ನು ನೋಡಿದ್ದೇನೆ.

ಇನ್ನು ನಿಮ್ಮ ವಿಷಯ. ನಿಮ್ಮ ಕಾರ್ಡನ್ನು ಯಾರು ಕೇಳುತ್ತಾರೆ? ಮಕ್ಕಳ ತಂದೆತಾಯಿ ಕೇಳಬಹುದು, ಕೇಳಿದರೆ ತೋರಿಸಲು ಏನಾದರೊಂದು ಇದ್ದರೆ ಸಾಕು. ಹಾಗಾಗಿ ಕಾರ್ಡಿನ ಹೆಸರು ನೋಡಿ ಕೋರ್ಸು ಆರಿಸುವ ಅಗತ್ಯ ನಿಮಗಿಲ್ಲ. ನಿಮ್ಮ ಮನೆಯಲ್ಲಿ ಯಾರಿಗೆ ಏನಾಗಬಹುದು, ಆ ಹೊತ್ತಿಗೆ ಯಾರ ಕೈ ಹತ್ತಿರ ಇರುತ್ತದೆ ಎಂಬುದನ್ನು ನೋಡಿ ಆರಿಸಿ. ಮುಂದೆ ಬರೆಯುವುದೆಲ್ಲ ಇದರ ಮೇಲೆಯೇ.

‘ಅಂತರರಾಷ್ಟ್ರೀಯ ಮಾನ್ಯತೆ’ ಎಂಬ ಮಾತಿನ ತೂಕ ಎಷ್ಟು ಎಂದು ಮೊದಲು ಹೇಳುತ್ತೇನೆ. ಬೆಂಗಳೂರಿನಲ್ಲಿ ಹೆಚ್ಚಾಗಿ ಕಾಣುವುದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಕೋರ್ಸುಗಳು. ಅವರೊಂದಿಗೆ ನೋಂದಾಯಿಸಿಕೊಂಡ ತರಬೇತಿ ಕೇಂದ್ರಗಳು ಇಲ್ಲಿ ಇವನ್ನು ನಡೆಸುತ್ತವೆ. ಬಿಎಲ್ಎಸ್ (ಬೇಸಿಕ್ ಲೈಫ್ ಸಪೋರ್ಟ್) ಎಂಬುದು ವೈದ್ಯರು, ನರ್ಸ್‌ಗಳಿಗೆ, ಹಾರ್ಟ್‌ಸೇವರ್ ಎಂಬುದು ಸಾಮಾನ್ಯ ಜನರಿಗೆ. ಎರಡರ ಕಾರ್ಡೂ ಎರಡು ವರ್ಷ ಚಾಲ್ತಿಯಲ್ಲಿರುತ್ತದೆ. ಕಾರ್ಡಿನ ಮೇಲಿರುವ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ಅಸಲಿಯೋ ನಕಲಿಯೋ ಎಂದು ಯಾರು ಬೇಕಾದರೂ ಖರ್ಚಿಲ್ಲದೆ ನೋಡಬಹುದು, ನೀವು ಸೇರುವ ಕೇಂದ್ರದ ಹಳೆಯ ಕಾರ್ಡೊಂದನ್ನು ಕೇಳಿ ಹೀಗೆ ನೋಡಿಕೊಳ್ಳಿ. ಆದರೆ ಇದು ಸರ್ಕಾರ ಕೊಡುವ ಪರವಾನಗಿ ಅಲ್ಲ. ‘ನಿಮಗೆ ಬಿಎಲ್ಎಸ್ಸೇ ಒಳ್ಳೆಯದು ಮೇಡಂ, ಮೇಲಿನ ಲೆವೆಲ್’ ಎಂದು ಯಾರಾದರೂ ಹೇಳಿದರೆ ಬೇಡ ಎನ್ನಿ. ಅದರ ಬಹುಪಾಲು ಆಸ್ಪತ್ರೆಯ ತಂಡಕ್ಕೆ ಹೇಳಿದ ಪಾಠ, ನಿಮಗೆ ಬೇಕಾದ ಪ್ರಥಮ ಚಿಕಿತ್ಸೆ ಅದರಲ್ಲಿ ಇಲ್ಲ.

ನಮ್ಮ ದೇಶದ್ದೇ ಆದ ಒಂದು ಪದ್ಧತಿಯೂ ಇದೆ. ಅರಿವಳಿಕೆ ತಜ್ಞರು ಮುಂದೆ ನಿಂತು ಕಟ್ಟಿದ ಭಾರತೀಯ ಪುನಶ್ಚೇತನ ಮಂಡಳಿ, ಅಂದರೆ ಇಂಡಿಯನ್ ರಿಸಸಿಟೇಷನ್ ಕೌನ್ಸಿಲ್, 2017ರಲ್ಲಿ ಜನಸಾಮಾನ್ಯರಿಗೆಂದು ಸಿಒಎಲ್ಎಸ್ (ಕಂಪ್ರೆಷನ್ ಓನ್ಲಿ ಲೈಫ್ ಸಪೋರ್ಟ್, ಅಂದರೆ ಬರೀ ಎದೆ ಒತ್ತುವ ಕ್ರಮ) ಪಾಠ ಪ್ರಕಟಿಸಿತು. ಬಾಯಿಗೆ ಬಾಯಿ ಇಟ್ಟು ಉಸಿರು ಕೊಡುವುದು ಅದರಲ್ಲಿ ಇಲ್ಲ. ಪ್ರಜ್ಞೆ ನೋಡು, ಆಂಬ್ಯುಲೆನ್ಸ್ ಕರೆ, ಎದೆ ಒತ್ತು, ಒತ್ತುತ್ತಲೇ ಇರು. ಕಾಲೇಜು, ಅಪಾರ್ಟ್‌ಮೆಂಟ್, ಪೊಲೀಸ್ ಠಾಣೆಗಳಲ್ಲಿ ವೈದ್ಯರು ಬಂದು ಕಲಿಸುವುದು ಬಹುಮಟ್ಟಿಗೆ ಇದನ್ನೇ. ಇದು ಒಳ್ಳೆಯ ಪಾಠ, ನಿಮ್ಮ ಅತ್ತೆಯವರ ಮಟ್ಟಿಗೆ ಇಷ್ಟು ಗೊತ್ತಿದ್ದರೂ ನಡೆಯುತ್ತದೆ. ಡೇ ಕೇರ್ ಮಕ್ಕಳಿಗೆ ಮಾತ್ರ ಸಾಲದು. ಯಾಕೆಂದು ಆಮೇಲೆ ಹೇಳುತ್ತೇನೆ, ಅದಕ್ಕೂ ಮೊದಲು ನನ್ನದೊಂದು ತಪ್ಪನ್ನು ಹೇಳಬೇಕು.

ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್ ಆಗಿದ್ದವಳು. ತರಬೇತಿ ಕೊಡಲು ಶುರು ಮಾಡಿದ ಮೊದಲ ವರ್ಷಗಳಲ್ಲಿ ಹೊರವರ್ತುಲ ರಸ್ತೆಯ ಒಂದು ದೊಡ್ಡ ಕಚೇರಿಗೆ ಹೋಗಿದ್ದೆ. ಅರವತ್ತು ಜನ, ಎರಡು ಗಂಟೆ, ಎದೆ ಒತ್ತಿ ಕಲಿಯಲು ಒಂದೇ ಬೊಂಬೆ. ಪರದೆಯ ಮೇಲೆ ಚಿತ್ರ ತೋರಿಸಿದೆ, ಸಾಲಾಗಿ ಬಂದು ಒಬ್ಬೊಬ್ಬರೂ ಒಂದಿಷ್ಟು ಸಲ ಒತ್ತಿ ಹೋದರು. ಅರವತ್ತಕ್ಕೂ ಸಹಿ ಹಾಕಿದ ಸರ್ಟಿಫಿಕೇಟ್ ಕೊಟ್ಟೆ. ಮೂರು ತಿಂಗಳಾದ ಮೇಲೆ ಅದೇ ಕಚೇರಿಯ ಕ್ಯಾಂಟೀನಿನಲ್ಲಿ ಒಬ್ಬರು ಊಟದ ತಟ್ಟೆ ಹಿಡಿದಂತೆಯೇ ಕುಸಿದರು. ಸುತ್ತ ನಿಂತವರಲ್ಲಿ ನನ್ನ ಸಹಿಯ ಕಾಗದ ಇದ್ದವರು ಕಡಿಮೆ ಎಂದರೂ ಎಂಟು ಜನ. ಯಾರೂ ಎದೆ ಒತ್ತಲಿಲ್ಲ. ‘ಅವರು ಉಸಿರಾಡ್ತಿದ್ರು ಮೇಡಂ, ಗೊರಕೆ ಥರ ಸದ್ದು ಬರ್ತಿತ್ತು. ಅದಕ್ಕೇ ನೀರು ಚಿಮುಕಿಸಿ, ಗಾಳಿ ಬೀಸಿದ್ವಿ’ ಎಂದು ಅವರಲ್ಲೊಬ್ಬರು ಆಮೇಲೆ ಫೋನಿನಲ್ಲಿ ಹೇಳಿದರು. ಆ ಮನುಷ್ಯ ಉಳಿಯಲಿಲ್ಲ.

ಅದು ಉಸಿರಾಟ ಆಗಿರಲಿಲ್ಲ. ಹೃದಯ ನಿಂತ ಮೊದಲ ಕೆಲವು ನಿಮಿಷ ಅನೇಕರಲ್ಲಿ ಹೀಗೆ ಆಗುತ್ತದೆ. ಬಾಯಿ ತೆರೆದು ತೆರೆದು ಮುಚ್ಚುತ್ತದೆ, ಗಂಟಲಿನಿಂದ ಗೊರಕೆಯಂಥ, ನರಳಿದಂಥ ಸದ್ದು ಬರುತ್ತದೆ, ಅದರ ನಡುವೆ ದೀರ್ಘ ಮೌನ. ನೀರಿನಿಂದ ಹೊರಗೆ ಬಿದ್ದ ಮೀನು ಬಾಯಿ ಬಿಡುವುದನ್ನು ನೆನೆಸಿಕೊಳ್ಳಿ. ರಕ್ತ ಸಿಗದೆ ಹೋದ ಮಿದುಳಿನ ಬುಡ ಕೊನೆಯದಾಗಿ ತಳ್ಳುವ ಉಸಿರು ಅದು. ಕರೆದರೂ, ಭುಜ ತಟ್ಟಿದರೂ ಎಚ್ಚರವಿಲ್ಲ, ಉಸಿರು ಮಾಮೂಲಿನಂತಿಲ್ಲ ಎಂದರೆ ಎದೆ ಒತ್ತಲು ಶುರು ಮಾಡಬೇಕು. ನಾಡಿ ಹುಡುಕುತ್ತ ಕೂರುವುದು ಸಾಮಾನ್ಯ ಜನರ ಕೆಲಸವಲ್ಲ. ಇಷ್ಟನ್ನು ನಾನು ಅವತ್ತು ಒಂದು ವಾಕ್ಯದಲ್ಲಿ ಹೇಳಿದ್ದೆ, ತೋರಿಸಿರಲಿಲ್ಲ. ಆ ಸದ್ದನ್ನು ಕಿವಿಯಿಂದ ಕೇಳದವರಿಗೆ ಆ ವಾಕ್ಯ ನೆನಪಿರುವುದಿಲ್ಲ. ಅಲ್ಲಿಂದೀಚೆಗೆ ಒಂದು ತಂಡಕ್ಕೆ ಹನ್ನೆರಡಕ್ಕಿಂತ ಹೆಚ್ಚು ಜನರನ್ನು ನಾನು ತೆಗೆದುಕೊಳ್ಳುವುದಿಲ್ಲ. ನೀವು ಯಾವುದೇ ಕೇಂದ್ರಕ್ಕೆ ಫೋನ್ ಮಾಡಿದರೂ ಮೊದಲು ಇದನ್ನೇ ಕೇಳಿ: ‘ಕೊನೆಯ ಏದುಸಿರು ಹೇಗಿರುತ್ತದೆ ಎಂದು ವಿಡಿಯೋದಲ್ಲಿ ತೋರಿಸುತ್ತೀರಾ?’ ತಡವರಿಸಿದರೆ ಬೇರೆ ಕಡೆ ನೋಡಿ.

ಎರಡನೆಯದು ಬೊಂಬೆ. ಸಿಪಿಆರ್ ಎಂದರೆ ನಿಂತ ಹೃದಯಕ್ಕೆ ಗುದ್ದಿ ಮತ್ತೆ ಓಡಿಸುವುದು ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಹೃದಯ ಮಾಡಬೇಕಿದ್ದ ಪಂಪಿನ ಕೆಲಸವನ್ನು ನಿಮ್ಮ ಕೈ ಮಾಡುವುದು. ಎದೆಮೂಳೆಯನ್ನು ಒತ್ತಿದಾಗ ರಕ್ತ ಮಿದುಳಿನ ಕಡೆಗೆ ಹೋಗುತ್ತದೆ, ಬಿಟ್ಟಾಗ ಹೃದಯ ಮತ್ತೆ ತುಂಬಿಕೊಳ್ಳುತ್ತದೆ. ಬಿಡುವುದನ್ನು ಮರೆತು ಎದೆಯ ಮೇಲೆ ಭಾರ ಹಾಕಿಯೇ ಇದ್ದರೆ ತುಂಬಿಕೊಳ್ಳಲು ಜಾಗವೇ ಇರುವುದಿಲ್ಲ. ಸತತವಾಗಿ ಒತ್ತುತ್ತ ಹೋದರೆ ರಕ್ತದ ಒತ್ತಡ ನಿಧಾನಕ್ಕೆ ಏರುತ್ತದೆ, ನಿಲ್ಲಿಸಿದ ಕೂಡಲೇ ಇಳಿದುಬಿಡುತ್ತದೆ. ದೊಡ್ಡವರಿಗೆ ಕನಿಷ್ಠ ಐದು ಸೆಂಟಿಮೀಟರ್ ಆಳಕ್ಕೆ ಒತ್ತಬೇಕು, ಆರನ್ನು ದಾಟಬಾರದು. ನಿಮಿಷಕ್ಕೆ 100ರಿಂದ 120 ಸಲ. ಇದನ್ನು ಓದಿದರೆ ಸುಲಭ ಅನ್ನಿಸುತ್ತದೆ. ಬೊಂಬೆಯ ಮೇಲೆ ಕೈ ಇಟ್ಟರೆ ಮೊದಲ ಸಲ ಹೆಚ್ಚಿನವರು ಮೂರು ಸೆಂಟಿಮೀಟರಿಗೆ ನಿಲ್ಲಿಸುತ್ತಾರೆ, ಪಕ್ಕೆಲುಬು ಮುರಿದೀತು ಎಂಬ ಭಯ. ಮುರಿಯಬಹುದು. ಮುರಿದ ಪಕ್ಕೆಲುಬು ಕೂಡುತ್ತದೆ, ಹೋದ ಮಿದುಳು ಬರುವುದಿಲ್ಲ.

ಆದ್ದರಿಂದ ಆಳ, ವೇಗ, ಬಿಡುವುದು ಮೂರನ್ನೂ ಅಳೆದು ಬೆಳಕಿನಲ್ಲೋ ಸದ್ದಿನಲ್ಲೋ ಹೇಳುವ ಬೊಂಬೆ ಇರಬೇಕು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2019ರಿಂದ ದೊಡ್ಡವರ ಸಿಪಿಆರ್ ಕಲಿಸುವ ತನ್ನ ಕೋರ್ಸುಗಳಲ್ಲಿ ಇಂಥ ಸಾಧನ ಕಡ್ಡಾಯ ಮಾಡಿದೆ. ಆ ಹೆಸರು ಹೇಳಿಕೊಂಡು ಬರೀ ಮೂಕ ಬೊಂಬೆ ತಂದಿಟ್ಟರೆ ಅನುಮಾನಪಡಿ. ಒಂದು ಬೊಂಬೆಗೆ ಮೂವರಿಗಿಂತ ಹೆಚ್ಚು ಜನ ಬೇಡ. ಇನ್ನೊಂದು ಮಾತು ನನ್ನ ಅನುಭವದ್ದು: ಒಬ್ಬೊಬ್ಬರಿಗೂ ಪೂರಾ ಎರಡು ನಿಮಿಷ, ನಿಲ್ಲಿಸದೆ, ಮೂರು ಸಲವಾದರೂ ಒತ್ತಲು ಸಿಗಬೇಕು. ಎರಡು ನಿಮಿಷಕ್ಕೆ ತೋಳು ಸೋಲುತ್ತದೆ, ಸೊಂಟ ಹಿಡಿಯುತ್ತದೆ, ಆಳ ತನಗೆ ತಾನೇ ಕಡಿಮೆಯಾಗುತ್ತದೆ. ಇನ್ನೊಬ್ಬರಿಗೆ ಕೈ ಬದಲಾಯಿಸಬೇಕು ಎಂಬುದು ಆಗ ಅರ್ಥವಾಗುತ್ತದೆ. ಮೂವತ್ತು ಸೆಕೆಂಡು ಒತ್ತಿ ಎದ್ದವರಿಗೆ ಈ ದಣಿವು ಗೊತ್ತೇ ಆಗುವುದಿಲ್ಲ. ತರಬೇತಿಗೆ ಜೀನ್ಸ್ ಹಾಕಿಕೊಂಡು ಹೋಗಬೇಡಿ. ಆಯಾಗಳು ದಿನವೂ ಸೀರೆ ಉಡುತ್ತಾರಾದರೆ ಸೀರೆಯಲ್ಲೇ ಮಂಡಿಯೂರಿ ಒತ್ತಲಿ. ನೆರಿಗೆ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಸೆರಗು ಎಲ್ಲಿ ಸಿಕ್ಕಿಸಬೇಕು ಎಂಬುದು ಅಲ್ಲೇ ತಿಳಿದುಹೋಗಲಿ.

499 ರೂಪಾಯಿಯ ಆನ್‌ಲೈನ್ ಕೋರ್ಸಿಗೆ ಇದೇ ಉತ್ತರ. ಪಾಠದ ಭಾಗವನ್ನು ಮನೆಯಲ್ಲಿ ಕೂತು ಕಲಿತು, ಕೈಯ ಭಾಗವನ್ನು ಕೇಂದ್ರಕ್ಕೆ ಹೋಗಿ ಕಲಿಯುವ ಮಿಶ್ರ ಕೋರ್ಸುಗಳು ತಪ್ಪಲ್ಲ, ಪುಟ್ಟ ಮಕ್ಕಳಿರುವ ತಾಯಂದಿರಿಗೆ ಅನುಕೂಲವೇ. ಬೊಂಬೆಯನ್ನು ಮುಟ್ಟದೆ ಸರ್ಟಿಫಿಕೇಟ್ ಕೊಡುವುದನ್ನು ಮಾತ್ರ ತೆಗೆದುಕೊಳ್ಳಬೇಡಿ.

ಈಗ ಮಕ್ಕಳು. ನಿಮ್ಮ ಇಡೀ ಪ್ರಶ್ನೆಯಲ್ಲಿ ನನಗೆ ಮುಖ್ಯವೆನಿಸಿದ್ದು ಇದೇ.

ದೊಡ್ಡವರು ದಿಢೀರನೆ ಕುಸಿದಾಗ ಸಾಮಾನ್ಯವಾಗಿ ಕೆಟ್ಟಿರುವುದು ಹೃದಯ. ಅವರ ರಕ್ತದಲ್ಲಿ ಆ ಗಳಿಗೆಗೆ ಇನ್ನೂ ಆಮ್ಲಜನಕ ಇರುತ್ತದೆ. ಅದಕ್ಕೇ ಬರೀ ಎದೆ ಒತ್ತಿದರೂ ಮೊದಲ ಕೆಲವು ನಿಮಿಷ ನಡೆಯುತ್ತದೆ. ಮಕ್ಕಳಲ್ಲಿ ಹಾಗಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿತು, ನೀರಿನಲ್ಲಿ ಮುಳುಗಿತು, ನ್ಯುಮೋನಿಯಾ ಹೆಚ್ಚಾಯಿತು ಎಂದು ಮೊದಲು ಉಸಿರು ಕಟ್ಟುತ್ತದೆ, ಹೃದಯ ನಿಲ್ಲುವುದು ಕೊನೆಗೆ. ಅಷ್ಟು ಹೊತ್ತಿಗೆ ರಕ್ತದಲ್ಲಿ ಆಮ್ಲಜನಕ ಖಾಲಿಯಾಗಿರುತ್ತದೆ, ಖಾಲಿ ರಕ್ತವನ್ನು ಎಷ್ಟು ಪಂಪ್ ಮಾಡಿದರೂ ಮಿದುಳಿಗೆ ಏನೂ ತಲುಪದು. ಆದ್ದರಿಂದ ಮಕ್ಕಳಿಗೆ ಮೂವತ್ತು ಒತ್ತು, ಎರಡು ಉಸಿರು, ಮತ್ತೆ ಮೂವತ್ತು ಒತ್ತು. ಕೂಸಾದರೆ ಬಾಯಿ ಮೂಗು ಎರಡಕ್ಕೂ, ದೊಡ್ಡ ಮಗುವಾದರೆ ಮೂಗು ಹಿಡಿದು ಬಾಯಿಗೆ ಮಾತ್ರ ನಿಮ್ಮ ಬಾಯಿ ಮುಚ್ಚಿ, ಎದೆ ಸ್ವಲ್ಪ ಮೇಲೇಳುವಷ್ಟೇ ಊದಬೇಕು. ಕೆನ್ನೆಯಲ್ಲಿ ಹಿಡಿಯುವಷ್ಟು ಗಾಳಿ ಸಾಕು ಎಂದು ನಾನು ಹೇಳಿಕೊಡುತ್ತೇನೆ. ಇದನ್ನು ಕೂಸಿನ ಬೊಂಬೆಯ ಮೇಲೆ ಮಾಡಿಯೇ ಕಲಿಯಬೇಕು, ತಲೆಯನ್ನು ತೀರಾ ಹಿಂದಕ್ಕೆ ವಾಲಿಸಿದರೆ ಎಳೆಯ ಶ್ವಾಸನಾಳ ಮಡಚಿಕೊಂಡು ಗಾಳಿ ಹೋಗುವುದೇ ಇಲ್ಲ. ಬರೀ ಎದೆ ಒತ್ತುವುದನ್ನು ಕಲಿಸುವ ಶಿಬಿರ ನಿಮಗೆ ಸಾಲದು ಎಂದಿದ್ದು ಇದಕ್ಕೇ. ‘ಕೂಸು ಮತ್ತು ಮಕ್ಕಳ ಸಿಪಿಆರ್’ ಎಂದು ಕೋರ್ಸಿನ ವಿವರದಲ್ಲಿ ಬರೆದಿರಬೇಕು, ಒಂದು ವರ್ಷದೊಳಗಿನ ಕೂಸಿನ ಬೊಂಬೆ, ದೊಡ್ಡ ಮಗುವಿನ ಬೊಂಬೆ ಎರಡೂ ಮೇಜಿನ ಮೇಲಿರಬೇಕು.

ಬೊಂಬೆಯ ಮಾತು ಬಂದಿದ್ದಕ್ಕೆ ಒಂದು ನೆನಪು. ಸಿಪಿಆರ್ ಕಲಿಸುವ ಮೊದಲ ಬೊಂಬೆಯನ್ನು 1960ರಲ್ಲಿ ಹೊರತಂದವರು ಆಸ್ಮಂಡ್ ಲಾರ್ಡಾಲ್ ಎಂಬ ನಾರ್ವೆಯ ಆಟಿಕೆ ತಯಾರಕರು. ನೀರಿನಲ್ಲಿ ಮುಳುಗುತ್ತಿದ್ದ ತಮ್ಮ ಪುಟ್ಟ ಮಗನನ್ನು ಎತ್ತಿ ಉಳಿಸಿಕೊಂಡಿದ್ದ ತಂದೆ ಅವರು. ನನ್ನ ತರಬೇತಿಗೆ ಬರುವ ತಾಯಂದಿರಿಗೆ ಈ ಕಥೆ ಹೇಳದೆ ನಾನು ಕೂಸಿನ ಬೊಂಬೆಯನ್ನು ಪೆಟ್ಟಿಗೆಯಿಂದ ತೆಗೆಯುವುದಿಲ್ಲ.

ಕೇಂದ್ರದ ಪಾಠ ಹೊಸದೋ ಹಳೆಯದೋ ಎಂದು ಪತ್ತೆ ಮಾಡಲು ಕೂಸಿನ ಸಿಪಿಆರೇ ಒಳ್ಳೆಯ ಒರೆಗಲ್ಲು. 2025ರ ಅಕ್ಟೋಬರ್‌ನಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಮಾರ್ಗಸೂಚಿ ಬದಲಾಯಿಸಿತು. ಮೊದಲೆಲ್ಲ ಕೂಸಿನ ಎದೆಯನ್ನು ಎರಡು ಬೆರಳಿನ ತುದಿಯಿಂದ ಒತ್ತಿ ಎಂದು ನಾವೂ ಕಲಿಸುತ್ತಿದ್ದೆವು. ಬೆರಳಿಗೆ ಆಳ ಸಿಗುವುದಿಲ್ಲ ಎಂದು ಅದನ್ನು ಈಗ ಕೈಬಿಟ್ಟಿದ್ದಾರೆ. ಎರಡೂ ಕೈಯಿಂದ ಕೂಸಿನ ಎದೆಯನ್ನು ಬಳಸಿ ಹಿಡಿದು ಹೆಬ್ಬೆರಳುಗಳಿಂದ ಒತ್ತಬೇಕು, ಇಲ್ಲವೇ ಒಂದು ಅಂಗೈಯ ಬುಡದಿಂದ ಒತ್ತಬೇಕು. ಆಳ ಸುಮಾರು ನಾಲ್ಕು ಸೆಂಟಿಮೀಟರ್, ಎದೆಯ ದಪ್ಪದ ಮೂರನೇ ಒಂದು ಭಾಗ. ಗಂಟಲಲ್ಲಿ ಸಿಕ್ಕಿಕೊಂಡಾಗಿನ ಕ್ರಮವೂ ಬದಲಾಗಿದೆ. ದೊಡ್ಡವರಿಗೂ ಒಂದು ವರ್ಷ ದಾಟಿದ ಮಕ್ಕಳಿಗೂ ಮೊದಲು ಬೆನ್ನಿಗೆ ಐದು ಏಟು, ಆಮೇಲೆ ಹೊಟ್ಟೆಯ ಮೇಲ್ಭಾಗವನ್ನು ಐದು ಸಲ ಒಳಕ್ಕೂ ಮೇಲಕ್ಕೂ ಎಳೆಯುವುದು, ಹೀಗೆ ಬದಲಿಸಿ ಬದಲಿಸಿ. ಕೂಸಿಗೆ ಮಾತ್ರ ಹೊಟ್ಟೆ ಒತ್ತಬಾರದು, ಒಳಗಿನ ಯಕೃತ್ತಿಗೆ ಪೆಟ್ಟಾಗುತ್ತದೆ. ತೊಡೆಯ ಆಸರೆಯಲ್ಲಿ ತಲೆ ತಗ್ಗಿಸಿ ಮಲಗಿಸಿ ಬೆನ್ನಿಗೆ ಐದು, ಮಗುಚಿ ಎದೆಗೆ ಐದು. ತರಬೇತುದಾರರನ್ನು ‘ಎಂಟು ತಿಂಗಳ ಕೂಸಿಗೆ ಹೇಗೆ ಒತ್ತಬೇಕು’ ಎಂದು ಫೋನಿನಲ್ಲೇ ಕೇಳಿ. ‘ಎರಡು ಬೆರಳು’ ಎಂಬ ಉತ್ತರ ಬಂದರೆ ಅವರ ಪುಸ್ತಕ ಹಳೆಯದು.

ನಿಮ್ಮ ಮನೆಗೆ ತಕ್ಕ ಪಾಠವನ್ನು ನೀವೇ ಕೇಳಿ ಹೇಳಿಸಿಕೊಳ್ಳಬೇಕು. ಕಾರ್ತಿಕ ಮಾಸದಲ್ಲಿ ಬಸವನಗುಡಿಯ ಪರಿಷೆಯಿಂದ ಮನೆಮನೆಗೂ ಕಡಲೆಕಾಯಿ ಬರುತ್ತದೆ. ಇಡೀ ಕಡಲೆಬೀಜ ಸಣ್ಣ ಮಕ್ಕಳ ಶ್ವಾಸನಾಳಕ್ಕೆ ಹೇಳಿ ಮಾಡಿಸಿದ ಬಿರಡೆ. ಇಡೀ ದ್ರಾಕ್ಷಿ, ಸೀತಾಫಲದ ಬೀಜ, ಹುಣಸೆ ಬೀಜ, ಅವರೆಕಾಳಿನ ಕಾಲದಲ್ಲಿ ಹಿಸುಕುವಾಗ ನೆಲಕ್ಕೆ ಬಿದ್ದ ಕಾಳು, ಇವೆಲ್ಲ ಅದೇ ಜಾತಿ. ಗಂಟಲಲ್ಲಿ ಸಿಕ್ಕಿಕೊಂಡ ಮಗುವಿನ ಬಾಯೊಳಗೆ ಬೆರಳು ಹಾಕಿ ಗೋರುವುದು ನಮ್ಮಲ್ಲಿ ಎಲ್ಲರೂ ಮಾಡುವ ಮೊದಲ ಕೆಲಸ. ಕಣ್ಣಿಗೆ ಕಾಣದ ವಸ್ತುವಿಗೆ ಹಾಗೆ ಬೆರಳು ಹಾಕಿದರೆ ಅದು ಇನ್ನೂ ಆಳಕ್ಕೆ ಹೋಗುತ್ತದೆ. ರಿಮೋಟು, ಆಟಿಕೆಗಳ ಗುಂಡಿಯಂಥ ಬ್ಯಾಟರಿ ನುಂಗಿದ್ದರೆ ಮಗು ನಗುನಗುತ್ತ ಇದ್ದರೂ ಸರಿ, ಕೂಡಲೇ ಆಸ್ಪತ್ರೆ. ಅದು ಅನ್ನನಾಳವನ್ನು ಒಳಗೊಳಗೇ ಸುಡುತ್ತದೆ.

ಇನ್ನು ನೀರು. ಬೆಂಗಳೂರಿನ ಮನೆ ಎಂದರೆ ಸಂಪು, ಬಚ್ಚಲಲ್ಲಿ ತುಂಬಿಟ್ಟ ಬಕೆಟ್ಟು. ತಲೆ ಭಾರವಾದ ಒಂದು ವರ್ಷದ ಮಗು ಅರ್ಧ ಬಕೆಟ್ಟಿಗೆ ಬಗ್ಗಿದರೆ ತಾನಾಗಿ ಮೇಲೇಳಲಾರದು, ಸದ್ದೂ ಆಗುವುದಿಲ್ಲ. ಎತ್ತಿದವರು ಗಾಬರಿಯಲ್ಲಿ ಮಗುವನ್ನು ತಲೆಕೆಳಗಾಗಿ ಹಿಡಿದು ಗಿರಗಿರ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಇಂದಿಗೂ ನಡೆಯುತ್ತಿದೆ. ಶ್ವಾಸಕೋಶದ ನೀರು ಅದರಿಂದ ಬರುವುದಿಲ್ಲ. ಬರುವುದು ಹೊಟ್ಟೆಯೊಳಗಿನದು, ಅದು ಮತ್ತೆ ಶ್ವಾಸನಾಳಕ್ಕೇ ಇಳಿಯುತ್ತದೆ. ಮುಳುಗಿದವರಿಗೆ ಮೊದಲು ಉಸಿರು, ಆಮೇಲೆ ಎದೆ ಒತ್ತುವುದು. ಈ ಪಾಠ ಯಾವ ತರಬೇತಿಯಲ್ಲಿ ಇಲ್ಲವೋ ಅದು ಡೇ ಕೇರ್ ನಡೆಸುವವರಿಗೆ ಆಗುವುದಿಲ್ಲ.

ಅತ್ತೆಯವರ ಬಗ್ಗೆ. ಸ್ಟೆಂಟ್ ಹಾಕಿಸಿಕೊಂಡವರಿಗೆ ಮತ್ತೆ ಎದೆನೋವು ಬಂದರೆ ಅದು ಹೃದಯಾಘಾತ ಇರಬಹುದು, ಎಚ್ಚರವಿದ್ದರೆ ಸಿಪಿಆರ್ ಬೇಡ, ಆಸ್ಪತ್ರೆ ಬೇಕು. ಎಚ್ಚರ ತಪ್ಪಿ ಉಸಿರು ನಿಂತರೆ, ಇಲ್ಲವೇ ಉಸಿರು ಮಾಮೂಲಿನಂತಿಲ್ಲದಿದ್ದರೆ ಅದು ಹೃದಯ ಸ್ತಂಭನ. ಈ ಎರಡನ್ನೂ ಒಂದೇ ಎಂದು ಬೆರೆಸಿ ಹೇಳುವ ತರಬೇತುದಾರರಿದ್ದಾರೆ, ಕಿವಿಗೊಟ್ಟು ಗಮನಿಸಿ. ಹೃದಯ ನಿಂತು ಎದೆ ಒತ್ತುವವರು ಯಾರೂ ಇಲ್ಲದಿದ್ದರೆ ಬದುಕುಳಿಯುವ ಸಾಧ್ಯತೆ ಪ್ರತಿ ನಿಮಿಷಕ್ಕೂ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆ, ನಾಲ್ಕರಿಂದ ಆರು ನಿಮಿಷದೊಳಗೆ ಮಿದುಳಿಗೆ ಹಾನಿ ಶುರುವಾಗುತ್ತದೆ. 108ಕ್ಕೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟು ಒತ್ತುತ್ತಿರಿ. ಸುಮನಹಳ್ಳಿ ಜಂಕ್ಷನ್‌ನಲ್ಲಿ ಸಂಜೆ ಆರು ಗಂಟೆಗೆ ಗಾಡಿ ಹೇಗೆ ನಿಂತಿರುತ್ತದೆ ಎಂದು ನಿಮಗೇ ಗೊತ್ತು, ಆ ಹೊತ್ತೆಲ್ಲ ನಿಮ್ಮ ಕೈಯೇ ಅವರ ಹೃದಯ. ಮೆತ್ತನೆಯ ಹಾಸಿಗೆಯ ಮೇಲೆ ಒತ್ತಿದರೆ ಎದೆಯ ಬದಲು ಹಾಸಿಗೆಯೇ ತಗ್ಗುತ್ತದೆ. ಬೆಡ್‌ಶೀಟ್ ಸಮೇತ ಜಾರಿಸಿ ನೆಲಕ್ಕೆ ಇಳಿಸುವುದನ್ನು ಯಜಮಾನರ ಜೊತೆ ಒಮ್ಮೆ ಅಭ್ಯಾಸ ಮಾಡಿಟ್ಟುಕೊಳ್ಳಿ. ಸಕ್ಕರೆ ಇಳಿದು ಬೆವರಿ, ತಡವರಿಸಿ ಮಾತಾಡುತ್ತಿದ್ದರೆ, ನುಂಗಲು ಆಗುವಷ್ಟು ಎಚ್ಚರವಿದ್ದಾಗ ಮಾತ್ರ ಮೂರು ನಾಲ್ಕು ಚಮಚ ಸಕ್ಕರೆ ಕದಡಿದ ನೀರು ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ತೀರ್ಥವನ್ನೂ.

ಎಇಡಿ ಎಂಬ ಯಂತ್ರವನ್ನು ಕೈಯಲ್ಲಿ ಮುಟ್ಟಿಸಿ ಕಲಿಸುತ್ತಾರೆಯೇ ಎಂದೂ ಕೇಳಿ. ತಾನೇ ಹೃದಯದ ಲಯ ಓದಿ, ಬೇಕಿದ್ದರೆ ಮಾತ್ರ ಶಾಕ್ ಕೊಡುವ ಪೆಟ್ಟಿಗೆ ಅದು, ಹೆದರುವಂಥದ್ದು ಏನೂ ಇಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದ ಮೇಲೆ, ‘ನಮಗೂ ಕಲಿಸಿಕೊಡಿ’ ಎಂದು ಬರುವವರು ಒಮ್ಮೆಲೇ ಹೆಚ್ಚಾದರು. ಹದಿನೆಂಟರ ಹುಡುಗರಿಂದ ಹಿಡಿದು ಆಟೋ ಚಾಲಕರವರೆಗೆ ಬಂದರು. ಪುನೀತ್ ಹೆಸರಿನಲ್ಲೇ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿತು, ಜನ ಸೇರುವ ಕಡೆ ಎಇಡಿ ಇಡುವುದೂ ಅದರ ಒಂದು ಭಾಗ. ಗೋಡೆಯ ಮೇಲೆ ಪೆಟ್ಟಿಗೆ ಕಂಡಾಗ ತೆರೆಯುವ ಧೈರ್ಯ ಇರಬೇಕಲ್ಲ, ಅದು ಒಮ್ಮೆ ಮುಟ್ಟಿದವರಿಗೇ ಬರುವುದು.

ಪ್ರಥಮ ಚಿಕಿತ್ಸೆಯ ಉಳಿದ ಭಾಗಕ್ಕೆ ದೊಡ್ಡ ಪರೀಕ್ಷೆ ಬೇಡ. ಕೆಲವು ಪ್ರಶ್ನೆ ಹಾಕಿ ನೋಡಿ. ಸುಟ್ಟ ಗಾಯಕ್ಕೆ ಏನು ಮಾಡಬೇಕು? ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಎಂದು ಬರಬೇಕು. ಪೇಸ್ಟು, ಇಂಕು, ಐಸು ಎಂದಲ್ಲ. ನಲ್ಲಿಯಲ್ಲಿ ನೀರು ಬಾರದ ದಿನ ಡ್ರಮ್ಮಿನಿಂದ ಮಗ್ಗಿನಲ್ಲಿ ಸುರಿಯುತ್ತಿರಿ. ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಹಲ್ಲಿನ ನಡುವೆ ಚಮಚ ತೂರಿಸುವುದು ಎಲ್ಲ ತಪ್ಪು, ಪಕ್ಕಕ್ಕೆ ಹೊರಳಿಸಿ ತಲೆಗೆ ಪೆಟ್ಟಾಗದಂತೆ ನೋಡಿಕೊಳ್ಳಬೇಕು. ಹಾವು ಕಚ್ಚಿದ ಕಡೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ತಪ್ಪು. ಹರಿಯುವ ರಕ್ತಕ್ಕೆ ಕಾಫಿಪುಡಿ, ಅರಿಶಿನ ತುಂಬುವುದು ತಪ್ಪು, ಶುಭ್ರ ಬಟ್ಟೆ ಇಟ್ಟು ಅದುಮಿ ಹಿಡಿಯಬೇಕು. ಈ ನಾಲ್ಕಕ್ಕೂ ಸರಿಯಾಗಿ, ನಮ್ಮ ಮನೆಗಳ ಅಭ್ಯಾಸದ ಹೆಸರು ಹಿಡಿದು ಉತ್ತರ ಕೊಡುವವರು ಒಳ್ಳೆಯ ತರಬೇತುದಾರರು. ಪರದೇಶದ ವಿಡಿಯೋ ಹಾಕಿ ಸುಮ್ಮನಾಗುವವರಿಗೆ ನಮ್ಮ ಅಡುಗೆಮನೆಯ ತಪ್ಪುಗಳು ಗೊತ್ತಿರುವುದಿಲ್ಲ.

ಒಂದು ವಿಷಯವನ್ನು ನಿಮ್ಮ ಪತ್ರದಲ್ಲಿ ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ನಿಮ್ಮ ಆಯಾಗಳು. ಹದಿನಾಲ್ಕು ಮಕ್ಕಳ ಡೇ ಕೇರಿನಲ್ಲಿ ನೀವು ತರಕಾರಿಗೋ ಬ್ಯಾಂಕಿಗೋ ಹೋದ ಹೊತ್ತಿನಲ್ಲೇ ಕಡಲೆಬೀಜ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಊಟ ಮಾಡಿಸುವವರು ಅವರು, ಸ್ನಾನ ಮಾಡಿಸುವವರು ಅವರು. ಹಾಗಾದರೆ ಮೊದಲು ಕಲಿಯಬೇಕಾದವರು ಯಾರು? ನಗರದ ಹೆಚ್ಚಿನ ದುಬಾರಿ ಕೋರ್ಸುಗಳು ಇಂಗ್ಲಿಷಿನಲ್ಲಿ ನಡೆಯುತ್ತವೆ. ಇಂಗ್ಲಿಷ್ ಬಾರದವರು ಹಿಂದಿನ ಸಾಲಿನಲ್ಲಿ ಕೂತು, ಬೇರೆಯವರನ್ನು ನೋಡಿ ಕೈ ಆಡಿಸಿ, ಅರ್ಥವಾಗಿದ್ದನ್ನೂ ಆಗದ್ದನ್ನೂ ಹೇಳದೆ ಹೋಗುತ್ತಾರೆ. ಕನ್ನಡದಲ್ಲಿ ಕಲಿಸುತ್ತೀರಾ, ಪರೀಕ್ಷೆಯನ್ನು ಬರೆಯುವ ಬದಲು ಬಾಯಲ್ಲಿ ಕೇಳುತ್ತೀರಾ ಎಂದು ವಿಚಾರಿಸಿ. ಒಬ್ಬರಿಗೆ ಐದು ಸಾವಿರ ಕೊಟ್ಟು ನೀವು ಒಬ್ಬರೇ ಹೋಗುವ ಬದಲು, ಆ ಹಣಕ್ಕೆ ಇನ್ನಷ್ಟು ಸೇರಿಸಿ, ಬೀದಿಯ ಇನ್ನೆರಡು ಡೇ ಕೇರಿನವರನ್ನು ಕೂಡಿಸಿಕೊಂಡು, ಹತ್ತು ಹನ್ನೆರಡು ಜನ ಆದರೆ ತರಬೇತುದಾರರನ್ನೇ ನಿಮ್ಮ ಮನೆಗೆ ಕರೆಸಬಹುದು. ಆಗ ಪಾಠ ನಿಮ್ಮದೇ ಕೋಣೆಯಲ್ಲಿ, ನಿಮ್ಮದೇ ಚಾಪೆಯ ಮೇಲೆ ನಡೆಯುತ್ತದೆ. ಎಣಿಕೆಯೂ ಕನ್ನಡದಲ್ಲೇ ಇರಲಿ, ಜೋರಾಗಿ, ಒಂದರಿಂದ ಮೂವತ್ತರವರೆಗೆ. ಗಾಬರಿಯಲ್ಲಿ ಬಾಯಿಗೆ ಬರುವುದು ಅಮ್ಮ ಕಲಿಸಿದ ಎಣಿಕೆಯೇ.

ರಸ್ತೆಯಲ್ಲಿ ಯಾರಿಗಾದರೂ ಸಹಾಯ ಮಾಡಿದರೆ ಪೊಲೀಸು ಕೋರ್ಟು ಎಂದು ಅಲೆಯಬೇಕಾದೀತು ಎಂದು ಆಯಾಗಳು ಕೇಳಿದರೆ ಧೈರ್ಯ ಹೇಳಿ. ಅಪಘಾತದಲ್ಲಿ ನೆರವಾದವರ ರಕ್ಷಣೆಗೆ ಸುಪ್ರೀಂ ಕೋರ್ಟ್ 2016ರಲ್ಲೇ ಆದೇಶ ಕೊಟ್ಟಿದೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿದೆ. ಕರ್ನಾಟಕಕ್ಕೆ ತನ್ನದೇ ಆದ ಕಾಯ್ದೆಯೂ ಇದೆ.

ಕಾರ್ಡಿನ ಮೇಲೆ ಎರಡು ವರ್ಷ ಎಂದು ಬರೆದಿರುತ್ತದೆ, ಕೈ ಮರೆಯುವುದು ಅದಕ್ಕಿಂತ ಬೇಗ. ಮೂರರಿಂದ ಆರು ತಿಂಗಳಲ್ಲಿ ಆಳವೂ ಲಯವೂ ತಪ್ಪುತ್ತ ಬರುತ್ತವೆ. ಹಾಗಾಗಿ ಆರು ತಿಂಗಳಿಗೊಮ್ಮೆ ಬಂದು ಅರ್ಧ ಗಂಟೆ ಬೊಂಬೆ ಒತ್ತಲು ಬಿಡುತ್ತೀರಾ ಎಂದು ಸೇರುವಾಗಲೇ ಮಾತಾಡಿಕೊಳ್ಳಿ. ಒಪ್ಪುವ ಕೇಂದ್ರಗಳಿವೆ. ಸ್ವಲ್ಪ ಶುಲ್ಕ ಕೇಳಿದರೂ ಕೊಡಿ, ಎರಡು ವರ್ಷಕ್ಕೊಮ್ಮೆ ಇಡೀ ದಿನ ಕೂರುವುದಕ್ಕಿಂತ ಇದೇ ಹೆಚ್ಚು ಉಪಯೋಗ.

ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ, ಕೂಸು, ಮಕ್ಕಳು, ದೊಡ್ಡವರು ಮೂವರ ಸಿಪಿಆರ್ ಜೊತೆಗೆ ಪ್ರಥಮ ಚಿಕಿತ್ಸೆಯೂ ಇರುವ ಸಾಮಾನ್ಯ ಜನರ ಕೋರ್ಸನ್ನು, ಆರೇಳು ಗಂಟೆ ಕನ್ನಡದಲ್ಲಿ ನಡೆಸುವವರ ಹತ್ತಿರ, ಇಬ್ಬರು ಆಯಾಗಳನ್ನೂ ಕೂರಿಸಿಕೊಂಡು ಮಾಡುತ್ತಿದ್ದೆ. ಅವರ ಸರ್ಟಿಫಿಕೇಟಿನ ಮೇಲೆ ಯಾವ ಲಾಂಛನ ಇದೆ ಎಂದು ಕೊನೆಗೆ ನೋಡುತ್ತಿದ್ದೆ. ತಂಡ ಕೂಡಿಸಿ, ದಿನ ಗೊತ್ತು ಮಾಡಲು ಎರಡು ಮೂರು ವಾರ ಹಿಡಿಯಬಹುದು. ಸಂಪಿನ ಮುಚ್ಚಳಕ್ಕೆ ಬೀಗವನ್ನು ಇವತ್ತೇ ಹಾಕಿಸಿ, ಬಚ್ಚಲಿನ ಬಕೆಟ್ಟುಗಳನ್ನು ರಾತ್ರಿಯೇ ಬೋರಲು ಹಾಕಿಡಿ.